ಕಲಾವಿದನಿಗೆ ನಾಡಿನ ಮನ್ನಣೆ

ಪ್ರತಿ ವರ್ಷ ನವೆಂಬರ್ 1 ಹತ್ತಿರವಾಗುತ್ತಿದ್ದಂತೆ ರಾಜ್ಯೋತ್ಸವ ಪ್ರಶಸ್ತಿಯ ಸುದ್ದಿಯನ್ನು ನೀವು ರೇಡಿಯೋದಲ್ಲಿ ಕೇಳುತ್ತೀರಿ. ಮರುದಿನ ಪತ್ರಿಕೆಯಲ್ಲಿ ಪೂರ್ಣ ಪಟ್ಟಿ ಬರುತ್ತದೆ. ನಿಮ್ಮ ಜಿಲ್ಲೆಯವರ ಹೆಸರಿದ್ದರೆ ಸಂತೋಷ. ಇಲ್ಲದಿದ್ದರೆ ‘ಅವರಿಗೆ ಬಂತು, ಇವರಿಗೇಕೆ ಬರಲಿಲ್ಲ?’ ಎಂದು ಮನೆಯಲ್ಲಿ ಸ್ವಲ್ಪ ಹೊತ್ತು ಚರ್ಚೆ. ರಾಜ್ಯೋತ್ಸವದ ಗದ್ದಲವೆಲ್ಲ ಮುಗಿಯುವ ವೇಳೆಗೆ ಆ ಪಟ್ಟಿ ಮರೆತುಹೋಗಿರುತ್ತದೆ. ಒಬ್ಬರು ಯಾವ ರಾಗವನ್ನು ಬೆಳಗಿಸಿದರು, ಯಾವ ಕುಣಿತವನ್ನು ಉಳಿಸಿದರು ಎಂದು ಡಿಸೆಂಬರಿನಲ್ಲಿ ಕೇಳಿದರೆ ಹೇಳಬಲ್ಲವರು ವಿರಳ. ಆದರೆ ಮನ್ನಣೆಯನ್ನು ಹೀಗೆ ಬೇಗನೆ ಮರೆಯುವುದು ಕನ್ನಡ ನಾಡಿನ ಹಳೆಯ ರೂಢಿಯಲ್ಲ. ಒಬ್ಬನನ್ನು ಗೌರವಿಸುವುದೆಂದರೆ ಏನು ಎಂಬುದನ್ನು ನಮ್ಮ ಹಿರಿಯರು ಬಹಳ ಹಿಂದೆಯೇ ನಿಶ್ಚಯಿಸಿಕೊಂಡಿದ್ದರು. ಅದನ್ನು ಕಲ್ಲಿನಲ್ಲಿಯೇ ಬರೆದಿಟ್ಟಿದ್ದಾರೆ. ಆ ಕಲ್ಲುಗಳನ್ನು ಓದಿಕೊಂಡು ಇಂದಿನ ಪಟ್ಟಿಯವರೆಗೆ ಬರೋಣ.

ದೂರ ಹೋಗಬೇಕಾಗಿಲ್ಲ. ಬೆಂಗಳೂರಿನ ಉತ್ತರಕ್ಕೆ ಹೆಬ್ಬಾಳವಿದೆ. ಈಗ ಹೆಬ್ಬಾಳವೆಂದರೆ ಮೇಲುಸೇತುವೆ, ವಾಹನಗಳ ಸಾಲು, ಕೆರೆ ನೆನಪಿಗೆ ಬರುತ್ತವೆ. ಅಲ್ಲಿಯ ಹಳೆಯ ಊರಿನಲ್ಲಿ 2018ರಲ್ಲಿ ನೆಲವನ್ನು ಅಗೆಯುತ್ತಿದ್ದಾಗ ಒಂದು ವೀರಗಲ್ಲು ದೊರೆಯಿತು. ಗಂಗರ ಶ್ರೀಪುರುಷನು ರಾಜ್ಯವಾಳುತ್ತಿದ್ದ ಕಾಲದ್ದು. ಲಿಪಿಯನ್ನು ನೋಡಿದ ವಿದ್ವಾಂಸರು ಸುಮಾರು ಕ್ರಿ.ಶ. 750ರದೆಂದು ಹೇಳಿದ್ದಾರೆ. ಬೆಂಗಳೂರು ನಗರದೊಳಗೆ ಸಿಕ್ಕ ಕನ್ನಡ ಶಾಸನಗಳಲ್ಲಿ ಇದೇ ಅತ್ಯಂತ ಹಳೆಯದೆಂದು ಎಣಿಕೆ. ಊರಿನ ಹೆಸರು ಅದರಲ್ಲಿ ‘ಪೆರ್ಬೊಳಲು’ ಎಂಬ ರೂಪದಲ್ಲಿದೆ. ‘ಪಿರಿದು’ ಎಂದರೆ ದೊಡ್ಡದು, ‘ಪೊಳಲ್’ ಎಂದರೆ ಪಟ್ಟಣ. ಹೊಳಲ್ಕೆರೆಯ ಹೊಳಲೂ ಇದೇ. ಹಳಗನ್ನಡದ ಪಕಾರ ಹಕಾರವಾಗುವುದು ನಿಮಗೆ ತಿಳಿದದ್ದೇ. ಹಾಗೆ ಆ ದೊಡ್ಡ ಪಟ್ಟಣ ನಾಲಗೆಯಿಂದ ನಾಲಗೆಗೆ ಸವೆದು ಇಂದಿನ ಹೆಬ್ಬಾಳವಾಗಿದೆ. ಮೂವತ್ತು ಊರುಗಳ ಒಂದು ನಾಡಿಗೆ ಆಗ ಅದು ತಲೆಯೂರಾಗಿತ್ತು. ರಾಷ್ಟ್ರಕೂಟರ ಪಡೆ ಬಂದು ಬಿದ್ದಾಗ ಕಿತ್ತಯ್ಯನೆಂಬ ವೀರನು ಎದುರು ನಿಂತು ಕಾದಿ ಇಂದ್ರಲೋಕವನ್ನು ಸೇರಿದನೆಂದು ಕಲ್ಲು ಹೇಳುತ್ತದೆ.

ಈ ಶಾಸನದ ರೀತಿಯನ್ನು ಸ್ವಲ್ಪ ಗಮನಿಸಿ. ಯಾರ ಕಾಲದಲ್ಲಿ, ಯಾವ ನಾಡಿನಲ್ಲಿ, ಯಾರು, ಏನು ಮಾಡಿದನು ಎಂಬ ನಾಲ್ಕೂ ಸಂಗತಿಗಳು ಕೆಲವೇ ಸಾಲುಗಳಲ್ಲಿ ಅಡಕವಾಗಿವೆ. ‘ಮಹಾವೀರನು, ಅಪ್ರತಿಮನು’ ಎಂಬ ಬರಿಯ ಹೊಗಳಿಕೆಗಿಂತ, ಮಾಡಿದ ಕೆಲಸವನ್ನು ಹೇಳುವುದೇ ಅಲ್ಲಿ ಮುಖ್ಯವಾಗಿದೆ. ಸಾವಿರದ ಇನ್ನೂರ ಎಪ್ಪತ್ತು ವರ್ಷಗಳ ಮೇಲೆ ಆ ಕಲ್ಲನ್ನು ಎತ್ತಿ ನಿಲ್ಲಿಸಿದಾಗ ಕಿತ್ತಯ್ಯನು ಮತ್ತೆ ಹೆಬ್ಬಾಳದವನಾದನು. ಇನ್ನೊಂದು ಮಾತನ್ನೂ ಇಲ್ಲಿಯೇ ಹೇಳಬೇಕು. ಇಂದು ನಾವು ಕಿತ್ತಯ್ಯನನ್ನು ನೆನೆಯುತ್ತೇವೆ; ಅವನ ರೂಪವನ್ನು ಕಂಡರಿಸಿದ ಕೈ, ಅಕ್ಷರವನ್ನು ಕೊರೆದ ಉಳಿ ಯಾರದೆಂದು ಕೇಳುವುದಿಲ್ಲ. ವೀರನಿಗೆ ಸಂದ ಮನ್ನಣೆ ಕಲೆಗಾರನಿಗೂ ಸಲ್ಲುತ್ತಿತ್ತೆ?

ಸಲ್ಲುತ್ತಿತ್ತು. ಅದೇ ತಲೆಮಾರಿನ ಉತ್ತರವೇ ಇದೆ. ಹೆಬ್ಬಾಳದ ಕಲ್ಲು ನಿಂತ ಸುಮಾರಿನಲ್ಲಿಯೇ, ಮಲಪ್ರಭೆಯ ದಂಡೆಯ ಪಟ್ಟದಕಲ್ಲಿನಲ್ಲಿ ಬಾದಾಮಿ ಚಾಲುಕ್ಯರ ಇಮ್ಮಡಿ ವಿಕ್ರಮಾದಿತ್ಯನ ರಾಣಿ ಲೋಕಮಹಾದೇವಿ ಒಂದು ದೊಡ್ಡ ಶಿವಾಲಯವನ್ನು ಕಟ್ಟಿಸಿದಳು. ಗಂಡನು ಕಂಚಿಯನ್ನು ಗೆದ್ದ ನೆನಪಿಗಾಗಿ ಕಟ್ಟಿಸಿದ ಆ ಗುಡಿಯನ್ನು ನಾವು ಈಗ ವಿರೂಪಾಕ್ಷ ದೇವಾಲಯವೆನ್ನುತ್ತೇವೆ. ಅದನ್ನು ರೂಪಿಸಿದ ಸೂತ್ರಧಾರಿ ಗುಂಡ ಅನಿವಾರಿತಾಚಾರಿ. ಅವನಿಗೆ ‘ತ್ರಿಭುವನಾಚಾರಿ’ ಎಂಬ ಹೆಸರನ್ನೂ ‘ಪೆರ್ಜೆರೆಪು’ ಎಂಬ ಗೌರವದ ಪಟ್ಟವನ್ನೂ ಕೊಟ್ಟರೆಂದು ಅಲ್ಲಿಯ ಶಾಸನವೇ ಸಾರುತ್ತದೆ. ಅದೇ ಗುಡಿಯ ಮತ್ತೊಂದು ಶಾಸನ ಸರ್ವಸಿದ್ಧಿ ಆಚಾರಿಯೆಂಬ ಶಿಲ್ಪಿಯನ್ನು ಮನದುಂಬಿ ಹೊಗಳುತ್ತದೆ. ಇನ್ನೊಂದರಲ್ಲಿ, ಹಿಂದೆ ವಿಜಯಾದಿತ್ಯನು ಅಲ್ಲಿಯ ಗಾಯಕರಿಗೆ ಮಾಡಿಕೊಟ್ಟಿದ್ದ ಏರ್ಪಾಟನ್ನು ಲೋಕಮಹಾದೇವಿಯು ಮತ್ತೆ ಸ್ಥಿರಪಡಿಸಿದ ಸಂಗತಿ ಇದೆ. ನಾಟ್ಯದಲ್ಲಿ ಹೆಸರಾದ ಅಚಲನೆಂಬವನ ಕೀರ್ತಿಯನ್ನು ಹೇಳುವ ಬರಹವೂ ಪಟ್ಟದಕಲ್ಲಿನಲ್ಲಿಯೇ ಉಂಟು. ಶಿಲ್ಪ, ಗಾನ, ನಾಟ್ಯ ಮೂರಕ್ಕೂ ಒಂದೇ ಊರಿನಲ್ಲಿ ಮನ್ನಣೆ!

ಈ ಬರಹಗಳಲ್ಲಿ ಗೌರವದ ಮೂರು ಅಂಗಗಳು ಕಾಣುತ್ತವೆ. ಮೊದಲನೆಯದು ಹೆಸರು: ಇಂಥವನಿಗೆ ಇಂಥ ಬಿರುದು. ಎರಡನೆಯದು ಕಾರಣ: ಇಂಥ ಕೆಲಸವನ್ನು ಮಾಡಿದ್ದಕ್ಕಾಗಿ. ಮೂರನೆಯದು ಬಾಳುವೆ: ಗಾಯಕರಿಗೆ ಮಾಡಿಕೊಟ್ಟಂಥ ಏರ್ಪಾಟು, ಅಂದರೆ ಕಲೆ ಮುಂದುವರಿಯಲು ಬೇಕಾದ ಅನ್ನ. ಇವುಗಳಲ್ಲಿ ಒಂದು ಜಾರಿದರೂ ಗೌರವ ಕುಂಟುತ್ತದೆ. ಇವುಗಳನ್ನೇ ಅಳತೆಗೋಲಾಗಿ ಹಿಡಿದು ಮುಂದಿನ ಕಾಲಗಳನ್ನು ನೋಡಬಹುದು.

ಮುಂದೆ ಹೋಗುವ ಮೊದಲು ‘ಪ್ರಶಸ್ತಿ’ ಎಂಬ ಮಾತಿನ ಸ್ವಾರಸ್ಯವನ್ನು ಸ್ವಲ್ಪ ನೋಡೋಣ. ಸಂಸ್ಕೃತದಲ್ಲಿ ಈ ಶಬ್ದಕ್ಕೆ ಹೊಗಳಿಕೆಯೆಂದು ಅರ್ಥ. ಶಾಸನಗಳಲ್ಲಿ ರಾಜನ ಗುಣಗಾನ ಮಾಡುವ ಭಾಗಕ್ಕೇ ಪ್ರಶಸ್ತಿಯೆಂದು ಹೆಸರು. ಐಹೊಳೆಯ ಮೇಗುತಿ ಗುಡಿಯಲ್ಲಿ ಕ್ರಿ.ಶ. 634ರ ಸುಮಾರಿನಲ್ಲಿ ರವಿಕೀರ್ತಿ ಬರೆದ ಇಮ್ಮಡಿ ಪುಲಕೇಶಿಯ ಪ್ರಶಸ್ತಿ ಇದಕ್ಕೆ ಪ್ರಸಿದ್ಧ ಉದಾಹರಣೆ. ಅಲ್ಲಿ ಕವಿಯು ರಾಜನಿಗೆ ಪ್ರಶಸ್ತಿ ಕೊಟ್ಟನು. ಇಂದು ರಾಜ್ಯವು ಕವಿಗೆ ಪ್ರಶಸ್ತಿ ಕೊಡುತ್ತದೆ. ಮಾತು ಒಂದೇ, ಆದರೆ ಮುಖ ತಿರುಗಿದೆ. ರವಿಕೀರ್ತಿಯೂ ಸಾಮಾನ್ಯನಲ್ಲ; ರಾಜನನ್ನು ಹೊಗಳಿ ಮುಗಿಸಿದ ಮೇಲೆ, ಕಾಳಿದಾಸ ಭಾರವಿಗಳ ಕೀರ್ತಿ ತನಗೂ ಬಂದಿದೆಯೆಂದು ಅದೇ ಕಲ್ಲಿನಲ್ಲಿ ಹೇಳಿಕೊಂಡನು. ಬೇರೆಯವರು ಕೊಡುವವರೆಗೆ ಕಾಯುವ ತಾಳ್ಮೆ ಆತನಿಗಿರಲಿಲ್ಲವೆಂದು ತೋರುತ್ತದೆ. ಕಾಳಿದಾಸನ ಕಾಲವನ್ನು ನಿರ್ಣಯಿಸುವ ಪಂಡಿತರಿಗೆ ಆ ಆತ್ಮಪ್ರಶಂಸೆಯೇ ಇಂದು ದೊಡ್ಡ ಆಧಾರವಾಗಿದೆ!

ಹತ್ತನೆಯ ಶತಮಾನಕ್ಕೆ ಬಂದರೆ ಕವಿಗಳ ಕಾಲ. ಶಾಲೆಯಲ್ಲಿ ಪಂಪನ ಪಾಠ ಮಾಡುವಾಗ ಮಕ್ಕಳು ತಪ್ಪದೆ ಕೇಳುವ ಪ್ರಶ್ನೆ ಒಂದುಂಟು: ‘ಸಾರ್, ಅವನಿಗೆ ಎಷ್ಟು ದುಡ್ಡು ಕೊಟ್ಟರು?’ ಪ್ರಶ್ನೆ ತಪ್ಪಲ್ಲ. ವೇಮುಲವಾಡದ ಚಾಲುಕ್ಯ ಅರಿಕೇಸರಿಯು ಪಂಪನಿಗೆ ಧರ್ಮಪುರವೆಂಬ ಅಗ್ರಹಾರವನ್ನೇ ಕೊಟ್ಟನು. ಈ ಮಾತು ಕಾವ್ಯದಲ್ಲಿ ಮಾತ್ರವಿದ್ದರೆ ಕವಿಯ ಉತ್ಪ್ರೇಕ್ಷೆಯೆಂದು ಸಂಶಯ ಪಡಬಹುದಿತ್ತು. ಆದರೆ ಈಗಿನ ತೆಲಂಗಾಣದ ಕುರ್ಕ್ಯಾಲದ ಬಳಿಯ ಗುಡ್ಡದಲ್ಲಿ ಪಂಪನ ತಮ್ಮ ಜಿನವಲ್ಲಭನು ಬಂಡೆಯ ಮೇಲೆ ಅದನ್ನು ಬರೆಸಿದ್ದಾನೆ; ಸಂಸ್ಕೃತ, ಕನ್ನಡ, ತೆಲುಗು ಮೂರು ಭಾಷೆಗಳಲ್ಲಿಯೂ ಬರಹವಿದೆ. ಕವಿಗೆ ದೊರೆತದ್ದಕ್ಕೆ ಬಂಡೆಯೇ ಸಾಕ್ಷಿ. ಪೊನ್ನನಿಗೆ ರಾಷ್ಟ್ರಕೂಟರ ಮುಮ್ಮಡಿ ಕೃಷ್ಣನಿಂದ ‘ಉಭಯಕವಿಚಕ್ರವರ್ತಿ’, ರನ್ನನಿಗೆ ಕಲ್ಯಾಣ ಚಾಲುಕ್ಯರ ಆಸ್ಥಾನದಲ್ಲಿ ‘ಕವಿಚಕ್ರವರ್ತಿ’, ಮುಂದೆ ಹೊಯ್ಸಳ ವೀರಬಲ್ಲಾಳನಿಂದ ಜನ್ನನಿಗೂ ಅದೇ ಬಿರುದು. ಹೀಗೆ ಒಂದು ಬಿರುದು ತಲೆಮಾರುಗಳನ್ನು ದಾಟಿ ನಡೆಯಿತು.

ಅರಸರು ಮಾತ್ರವೇ ಕೊಡುತ್ತಿದ್ದರೆಂದು ತಿಳಿಯಬೇಡಿ. ಅತ್ತಿಮಬ್ಬೆ ರನ್ನನಿಗೆ ಆಶ್ರಯವಿತ್ತಳು. ಆತನ ಅಜಿತಪುರಾಣ 993ರಲ್ಲಿ ಅವಳ ನೆರಳಿನಲ್ಲಿ ಹುಟ್ಟಿತು. ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಓಲೆಯಲ್ಲಿ ಬರೆಸಿ ಹಂಚಿದವಳೂ ಅವಳೇ. ಅಚ್ಚುಕೂಟವಿಲ್ಲದ ಕಾಲದಲ್ಲಿ ಸಾವಿರ ಪ್ರತಿಯೆಂದರೆ ಎಷ್ಟು ಕೈಗಳ, ಎಷ್ಟು ತಿಂಗಳ ದುಡಿಮೆ ಎಂಬುದನ್ನು ಊಹಿಸಿ ನೋಡಿ. ಕವಿಗೆ ಬಿರುದು ಕೊಡುವುದು ಒಂದು ಗೌರವವಾದರೆ, ಅವನ ಕೃತಿ ನಾಲ್ಕು ಜನರ ಕೈಸೇರುವಂತೆ ಮಾಡುವುದು ಅದಕ್ಕಿಂತ ಒಂದು ತೂಕ ಹೆಚ್ಚಿನ ಗೌರವ.

ಶಿಲ್ಪಿಗಳು ಹಿಂದೆ ಬೀಳಲಿಲ್ಲ. 1117ರಲ್ಲಿ ವಿಷ್ಣುವರ್ಧನನು ಬೇಲೂರಿನಲ್ಲಿ ಗುಡಿ ಕಟ್ಟಿಸಿದಾಗ ಬಳ್ಳಿಗಾವೆಯ ದಾಸೋಜನೂ ಅವನ ಮಗ ಚಾವಣನೂ ತಾವು ಕಡೆದ ವಿಗ್ರಹಗಳ ಕೆಳಗೆ ಹೆಸರನ್ನೂ ಬಿರುದನ್ನೂ ಕೆತ್ತಿದರು. ಮುಂದಿನ ಶತಮಾನದ ಮಲ್ಲಿತಮ್ಮನ ಹೆಸರು ಸೋಮನಾಥಪುರದಲ್ಲಿ ಮತ್ತೆ ಮತ್ತೆ ಕಾಣುತ್ತದೆ. ಅಲ್ಲಿ ಹೆಸರಿನ ಪಕ್ಕದಲ್ಲಿಯೇ ಕೆಲಸ ನಿಂತಿದೆ. ಈ ಬಿರುದು ಇವನಿಗೆ ಸಲ್ಲುವುದೇ ಎಂದು ಕೇಳುವವನು ಕಣ್ಣೆತ್ತಿ ಮೇಲಿನ ವಿಗ್ರಹವನ್ನು ನೋಡಿದರೆ ಸಾಕು. ಬೇರೆ ಸಮಿತಿ ಬೇಡ.

ಮೈಸೂರು ಅರಸರ ಕಾಲಕ್ಕೆ ಈ ಪದ್ಧತಿ ‘ಆಸ್ಥಾನ ವಿದ್ವಾಂಸ’ರ ರೂಪವನ್ನು ತಾಳಿತು. ಶಾಕುಂತಲವನ್ನು ಕನ್ನಡಿಸಿದ ಬಸಪ್ಪಶಾಸ್ತ್ರಿಗಳು ‘ಅಭಿನವ ಕಾಳಿದಾಸ’ರಾದರು. ವೀಣೆ ಶೇಷಣ್ಣನವರು ‘ವೈಣಿಕ ಶಿಖಾಮಣಿ’ಗಳಾದರು. ಏಳು ತಂತಿಯ ಪಿಟೀಲನ್ನು ನುಡಿಸಿದ ಟಿ. ಚೌಡಯ್ಯನವರು 1939ರಲ್ಲಿ ಆಸ್ಥಾನ ವಿದ್ವಾಂಸರಾದರು. ಗುಬ್ಬಿ ವೀರಣ್ಣನವರಿಗೆ ‘ನಾಟಕರತ್ನ’ ಬಂದಿತು. ಬಿರುದಿನ ಜೊತೆಗೆ ಸಂಬಳ, ದಸರೆಯ ಖಿಲ್ಲತ್ತು, ಕಛೇರಿಗೆ ಅವಕಾಶ. ಕಲೆಗೆ ಅದು ಒಳ್ಳೆಯ ಕಾಲವೆಂಬುದರಲ್ಲಿ ಸಂಶಯವಿಲ್ಲ.

ಆದರೂ ಅದರಲ್ಲಿ ಒಂದು ದೌರ್ಬಲ್ಯವಿತ್ತು, ಚಿತ್ರಕಾರ ಕೆ. ವೆಂಕಟಪ್ಪನವರ ಜೀವನ ಅದನ್ನು ತೋರಿಸುತ್ತದೆ. ಅರಮನೆಯ ನೆರವಿನಿಂದ ಕಲ್ಕತ್ತೆಗೆ ಹೋಗಿ ಅವನೀಂದ್ರನಾಥ ಟಾಗೋರರಲ್ಲಿ ಚಿತ್ರವಿದ್ಯೆಯನ್ನು ಕಲಿತವರು ಅವರು. ಶೇಷಣ್ಣನವರಲ್ಲಿ ವೀಣೆಯನ್ನೂ ಕಲಿತರು. ನಾಲ್ವಡಿ ಕೃಷ್ಣರಾಜ ಒಡೆಯರ ಮೆಚ್ಚುಗೆಯಿಂದ ಅರಮನೆಗಾಗಿ ಉಬ್ಬುಶಿಲ್ಪಗಳ ಕೆಲಸವನ್ನು ಕೈಗೊಂಡರು. 1940ರಲ್ಲಿ ನಾಲ್ವಡಿಯವರು ತೀರಿಕೊಂಡರು. ಆ ಮೇಲೆ ಆ ಕೆಲಸವೂ ನಿಂತಿತು. ತಮಗೆ ಸಲ್ಲಬೇಕಾದದ್ದಕ್ಕಾಗಿ ವೆಂಕಟಪ್ಪನವರು ನ್ಯಾಯಾಲಯದ ಮೆಟ್ಟಿಲು ಹತ್ತಬೇಕಾಯಿತು. ಒಬ್ಬ ರಸಿಕ ಪ್ರಭುವಿನ ಉಸಿರಿಗೆ ಕಟ್ಟಿಹಾಕಿದ ಗೌರವ ಆ ಉಸಿರಿನೊಡನೆಯೇ ಹೋಗಿಬಿಡಬಹುದು. ಕೊಡುವವರು ಬದಲಾದರೂ ಕೊಡುವುದು ನಿಲ್ಲಬಾರದು ಎಂದಾದರೆ, ಗೌರವವು ವ್ಯಕ್ತಿಯಿಂದ ಬಾರದೆ ನಾಡಿನಿಂದಲೇ ಬರಬೇಕು.

ಆ ಕಾಲ ಬಂದಿತು. ಕನ್ನಡ ನಾಡು ಇನ್ನೂ ಒಂದಾಗಿರದ 1949ರಲ್ಲಿ ಮದರಾಸು ಸರ್ಕಾರ ಮಂಜೇಶ್ವರದ ಗೋವಿಂದ ಪೈಗಳಿಗೆ ‘ರಾಷ್ಟ್ರಕವಿ’ ಎಂಬ ಗೌರವವನ್ನು ಕೊಟ್ಟಿತು. 1956ರ ನವೆಂಬರ್ 1ರಂದು ನಾಡು ಒಂದಾಯಿತು. ಮಂಜೇಶ್ವರ ಮಾತ್ರ ಗಡಿಯಾಚೆ ಉಳಿಯಿತು. ಪೈಗಳ ಕವಿತೆಗೆ ಗಡಿಯಿಲ್ಲವೆಂಬುದು ನಮ್ಮ ಸಮಾಧಾನ. ಹೊಸ ರಾಜ್ಯದಲ್ಲಿ ಸಾಹಿತ್ಯ ಅಕಾಡೆಮಿ 1961ರಲ್ಲಿ, ಲಲಿತಕಲಾ ಅಕಾಡೆಮಿ 1964ರಲ್ಲಿ ಹುಟ್ಟಿದವು. 1964ರಲ್ಲಿಯೇ ಕುವೆಂಪು ರಾಷ್ಟ್ರಕವಿಗಳಾದರು. 1966ರಲ್ಲಿ ರಾಜ್ಯೋತ್ಸವ ಪ್ರಶಸ್ತಿ ಆರಂಭವಾಯಿತು. ರಾಜ್ಯಕ್ಕೆ ‘ಕರ್ನಾಟಕ’ವೆಂಬ ಹೆಸರು ಬಂದದ್ದು 1973ರಲ್ಲಿ, ನಾಡಿನ ಹೆಸರಿಗಿಂತ ಏಳು ವರ್ಷ ಹಿರಿಯದು ಈ ಪ್ರಶಸ್ತಿ.

ಆ ಮೇಲೆ ಒಂದೊಂದು ಕಲೆಗೂ ಒಂದೊಂದು ಪ್ರಶಸ್ತಿ ಏರ್ಪಟ್ಟಿತು. ಸಾಹಿತ್ಯಕ್ಕೆ ಪಂಪನ ಹೆಸರಿನದು; 1987ರಲ್ಲಿ ಮೊದಲು ಪಡೆದವರು ಕುವೆಂಪು. ಸಂಗೀತಕ್ಕೆ ಚೌಡಯ್ಯನವರ ಹೆಸರು, ರಂಗಭೂಮಿಗೆ ಗುಬ್ಬಿ ವೀರಣ್ಣನವರ ಹೆಸರು, ಚಿತ್ರಕಲೆಗೆ ವೆಂಕಟಪ್ಪನವರ ಹೆಸರು, ನೃತ್ಯಕ್ಕೆ ಶಾಂತಲೆಯ ಹೆಸರು, ಶಿಲ್ಪಕ್ಕೆ ಜಕಣಾಚಾರಿಯ ಹೆಸರು, ಲೇಖಕಿಯರಿಗೆ ಅತ್ತಿಮಬ್ಬೆಯ ಹೆಸರು. ಹಿಂದೆ ಗೌರವವನ್ನು ಪಡೆದವರೇ ಈಗ ಗೌರವದ ಹೆಸರಾಗಿದ್ದಾರೆ. ಗಮಕಕ್ಕೆ ಕೊಡುವುದು ಕುಮಾರವ್ಯಾಸ ಪ್ರಶಸ್ತಿ. ಆ ಮಹಾಕವಿಯಾದರೋ ಯಾವ ದೊರೆಯ ಬಿರುದಿಗೂ ಕೈಯೊಡ್ಡದೆ ಗದುಗಿನ ವೀರನಾರಾಯಣನಿಗೆ ತನ್ನ ಕಾವ್ಯವನ್ನು ಒಪ್ಪಿಸಿದವನು. ಬಿರುದು ಬೇಡವೆಂದವನ ಹೆಸರಿನಲ್ಲಿಯೇ ಬಿರುದು ಕೊಡುವ ನಾಡು ನಮ್ಮದು!

ಪ್ರಶಸ್ತಿಯನ್ನು ಪಡೆದವನು ಕೊಟ್ಟವರಿಗೆ ಕಟ್ಟುಬಿದ್ದಂತಾಯಿತೇ ಎಂಬ ಸಂಶಯ ಕೆಲವರಿಗೆ ಬರಬಹುದು. ಹಾಗೇನೂ ಇಲ್ಲ. ತುರ್ತು ಪರಿಸ್ಥಿತಿಯ ಕಾಲದಲ್ಲಿ ಶಿವರಾಮ ಕಾರಂತರು ತಮಗೆ ಬಂದಿದ್ದ ಪದ್ಮಭೂಷಣವನ್ನು ಹಿಂದಿರುಗಿಸಿದರು. ಹಿಂದಿರುಗಿಸಿದ್ದರಿಂದ ಕಾರಂತರು ಚಿಕ್ಕವರಾಗಲಿಲ್ಲ, ಪ್ರಶಸ್ತಿಯೂ ಚಿಕ್ಕದಾಗಲಿಲ್ಲ. ರವಿಕೀರ್ತಿಯ ಕಾಲದಿಂದ ಇಲ್ಲಿಗೆ ಬಂದ ಮುಖ್ಯವಾದ ಬದಲಾವಣೆ ಇದು: ಕಲೆಗಾರನು ರಾಜನನ್ನು ಹೊಗಳಲೇಬೇಕೆಂಬ ಕಟ್ಟು ಇಲ್ಲ, ಬೇಕಾದರೆ ತೆಗಳಬಹುದು.

ಇನ್ನು ರಾಜ್ಯೋತ್ಸವ ಪ್ರಶಸ್ತಿಯ ಸಂಖ್ಯೆಯ ಮಾತು. ಇದು ಪ್ರತಿ ವರ್ಷವೂ ಮನೆಮನೆಗಳಲ್ಲಿ ಬರುವ ಮಾತು. 2010ರಲ್ಲಿ ಒಂದೇ ವರ್ಷ 162 ಮಂದಿಗೆ ಈ ಪ್ರಶಸ್ತಿ ಸಂದಿತು. ಊಟದ ಪಂಕ್ತಿಯಂತಾಯಿತೆಂದು ಹಲವರು ಆಡಿಕೊಂಡರು. ಆ ಮೇಲೆ ಎಷ್ಟನೆಯ ರಾಜ್ಯೋತ್ಸವವೋ ಅಷ್ಟೇ ಮಂದಿಗೆ ಎಂಬ ಕಟ್ಟು ಬಂದಿತು: 2015ರಲ್ಲಿ 60, 2023ರಲ್ಲಿ 68, 2025ರಲ್ಲಿ 70. ಸಾಮಾನ್ಯವಾಗಿ 60 ವರ್ಷ ದಾಟಿದವರಿಗೆ ಎಂಬ ನಿಯಮವೂ ಸೇರಿತು. 2023ರಲ್ಲಿ ಪ್ರತಿಯೊಬ್ಬರಿಗೂ 5 ಲಕ್ಷ ರೂಪಾಯಿ ಮತ್ತು 25 ಗ್ರಾಂ ಚಿನ್ನದ ಪದಕ ದೊರೆಯಿತು. ಸಂಖ್ಯೆಗೆ ಮಿತಿ ಇರುವುದು ಒಳ್ಳೆಯದೇ. ಆದರೆ ದೋಷವೆಲ್ಲ ಸಂಖ್ಯೆಯಲ್ಲಿಯೇ ಇದೆಯೆಂದು ನಾನು ಒಪ್ಪಲಾರೆ. ಆ 162 ಮಂದಿಯ ಪಟ್ಟಿಯಲ್ಲಿಯೇ ಬಳ್ಳಾರಿ ಸೀಮೆಯ ಜೋಗತಿ ನೃತ್ಯದ ಮಂಜಮ್ಮ ಜೋಗತಿಯವರ ಹೆಸರಿತ್ತು. ಮನೆಯಿಂದಲೂ ಊರಿನಿಂದಲೂ ದೂರವಾಗಿ, ಎಲ್ಲಮ್ಮನ ಹಾಡು ಕುಣಿತಗಳಲ್ಲಿ ಬದುಕು ಕಂಡುಕೊಂಡವರು ಅವರು. 2019ರಲ್ಲಿ ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷೆಯಾದರು. 2021ರಲ್ಲಿ ದೆಹಲಿಯಲ್ಲಿ ಪದ್ಮಶ್ರೀಯನ್ನು ಸ್ವೀಕರಿಸಿದರು. ಪಟ್ಟಿ ಉದ್ದವಾಯಿತೆಂದು ನಕ್ಕವರಲ್ಲಿ ಎಷ್ಟು ಮಂದಿ ಅಂದು ಆ ಹೆಸರಿನ ಬಳಿ ನಿಂತು, ‘ಇವರು ಯಾರು?’ ಎಂದು ಕೇಳಿದ್ದರು?

ನಮ್ಮ ಕಾಲದ ಕೊರತೆ ಇರುವುದು ಇಲ್ಲಿಯೇ. ಹಿಂದೆ ಹೇಳಿದ ಮೂರು ಅಂಗಗಳನ್ನು ನೆನಪಿಗೆ ತಂದುಕೊಳ್ಳಿ. ಹೆಸರು ಇಂದಿಗೂ ಸಲ್ಲುತ್ತಿದೆ. ಬಾಳುವೆಗೂ ಸ್ವಲ್ಪಮಟ್ಟಿಗೆ ವ್ಯವಸ್ಥೆಯುಂಟು. ಪ್ರಶಸ್ತಿಯ ಹಣವಲ್ಲದೆ, ಕಷ್ಟದಲ್ಲಿರುವ ಹಿರಿಯ ಕಲಾವಿದರಿಗೆ ಸರ್ಕಾರದ ಮಾಸಾಶನವಿದೆ. ಜಾರಿಹೋಗುತ್ತಿರುವುದು ನಡುವಿನ ಅಂಗ, ಕಾರಣ. ಪತ್ರಿಕೆಯಲ್ಲಿ ಬರುವ ಪಟ್ಟಿಯಲ್ಲಿ ಹೆಸರು, ಕ್ಷೇತ್ರ, ಜಿಲ್ಲೆ ಇಷ್ಟೇ. ‘ಜಾನಪದ’ ಎಂಬ ಒಂದು ಶಬ್ದದೊಳಗೆ ಕಂಸಾಳೆಯೂ ಡೊಳ್ಳೂ ತೊಗಲುಗೊಂಬೆಯೂ ಸೋಬಾನೆಯೂ ಅಡಗಿಹೋಗುತ್ತವೆ. ಕಾರಣವನ್ನು ತಿಳಿಯದವನಿಗೆ ಮೆಚ್ಚಲೂ ಬಾರದು, ಆಕ್ಷೇಪಿಸಲೂ ಬಾರದು, ಗೊಣಗುವುದೊಂದೇ ಉಳಿಯುತ್ತದೆ. ವಶೀಲಿಯ ಮಾತು ಹುಟ್ಟುವುದೂ ಕಾರಣ ಕಾಣದ ಕತ್ತಲೆಯಲ್ಲಿಯೇ. ಗುಂಡನಿಗೆ ತ್ರಿಭುವನಾಚಾರಿ ಬಿರುದು ಏಕೆ ಬಂದಿತೆಂದು ಯಾರೂ ಗೊಣಗುವುದಿಲ್ಲ. ಗುಡಿ ಎದುರಿಗೇ ಇದೆ.

ಆದ್ದರಿಂದ ಮಾಡಬೇಕಾದದ್ದು ಬಹಳ ಕಷ್ಟದ ಕೆಲಸವಲ್ಲ. ಒಂದೊಂದು ಹೆಸರಿನ ಜೊತೆಗೆ ಹತ್ತು ಸಾಲಿನ ಬರಹವಿರಲಿ: ಈ ಕಲಾವಿದ ಯಾರಿಂದ ಕಲಿತ, ಏನನ್ನು ಉಳಿಸಿದ, ಏನನ್ನು ಹೊಸದಾಗಿ ಸೇರಿಸಿದ, ಯಾರಿಗೆ ಕಲಿಸಿದ. ಅದು ಎಲ್ಲರ ಕೈಗೂ ಸಿಗುವ ಪುಸ್ತಕವಾಗಿ ಪ್ರತಿಯೊಂದು ಶಾಲೆಯ, ಪ್ರತಿಯೊಂದು ಸಾರ್ವಜನಿಕ ಗ್ರಂಥಾಲಯದ ಕಪಾಟಿಗೂ ಬರಲಿ. ಹಾಡುವವರ ಹಾಡು, ನುಡಿಸುವವರ ವಾದ್ಯ ಮುದ್ರಿತವಾಗಿ ಭದ್ರವಾಗಿರಲಿ. ಅತ್ತಿಮಬ್ಬೆ ಸಾವಿರ ಓಲೆಪ್ರತಿಗಳಿಂದ ಮಾಡಿದ ಕೆಲಸವನ್ನು ನಾವು ಅಚ್ಚಿನಿಂದಲೂ ಧ್ವನಿಮುದ್ರಣದಿಂದಲೂ ಅದಕ್ಕಿಂತ ಸುಲಭವಾಗಿ ಮಾಡಬಹುದು. ಪ್ರಶಸ್ತಿಯ ಮೊತ್ತವನ್ನು ಹೆಚ್ಚಿಸುವುದಕ್ಕಿಂತ ಇದು ಅಗ್ಗವಾದ ಕೆಲಸ, ಹೆಚ್ಚು ಕಾಲ ಬಾಳುವ ಕೆಲಸ.

ಸರ್ಕಾರ ಮಾಡಲಿ ಎಂದು ಹೇಳಿ ನಾವು ಕೈಕಟ್ಟಿ ಕುಳಿತರೆ ಸಾಲದು. ರೇಡಿಯೋ ಇರುವ ಮನೆಗೆ ಒಂದು ಅನುಕೂಲವಿದೆ. ಕಲಾವಿದನು ನಿಮ್ಮ ನಡುಮನೆಗೇ ಬರುತ್ತಾನೆ. ಮುಂದಿನ ನವೆಂಬರಿನ ಪಟ್ಟಿಯಲ್ಲಿ ನಿಮಗೆ ಗೊತ್ತಿಲ್ಲದ ಒಂದೇ ಒಂದು ಹೆಸರನ್ನು ಗುರುತು ಹಾಕಿಕೊಳ್ಳಿ. ಅವರ ಹಾಡನ್ನೋ ಸಂದರ್ಶನವನ್ನೋ ಪ್ರಸಾರ ಮಾಡಬೇಕೆಂದು ನಿಲಯಕ್ಕೆ ಒಂದು ಕಾಗದ ಬರೆಯಿರಿ. ಪ್ರಸಾರವಾದ ದಿನ ಮಕ್ಕಳನ್ನು ಹತ್ತಿರ ಕೂರಿಸಿಕೊಂಡು ಕೇಳಿ. ಇವರಿಗೆ ನಾಡು ಏಕೆ ತಲೆಬಾಗಿತೆಂದು ಅವರಿಗೆ ತಿಳಿಸಿ ಹೇಳಿ. ಪಟ್ಟಿಯಲ್ಲಿರುವವರು ಎಣಿಕೆಯ ಮಂದಿ. ಕೇಳುವ ಮನೆಗಳು ಲಕ್ಷಾಂತರ. ಒಂದು ಮನೆ ಒಂದು ಹೆಸರಿನ ಕಾರಣವನ್ನು ತಿಳಿದುಕೊಂಡರೂ ಆ ಹೆಸರುಗಳಲ್ಲಿ ಒಂದೂ ಮಣ್ಣು ಸೇರಲಾರದು.